ಡೂಪ್ಲಿಕೇಟ್ ಕಾರ್ಡ್ ಇಟ್ಟುಕೊಂಡ ಹುಡುಗ ಕಳ್ಳನಲ್ಲ, ಕಳ್ಳ ಬೇರೆಯವನು

ಗೂಡಂಗಡಿ ಮುಂದೆ ಶಾಂಪೂ ಸ್ಯಾಷೆ, ಚಿಪ್ಸ್ ಪ್ಯಾಕೆಟ್ಟಿನ ಮಾಲೆಗಳ ಪಕ್ಕ ಚಿನ್ನದ ಬಣ್ಣದ ಸಣ್ಣ ಪ್ಯಾಕೆಟ್ ನೇತಾಡುವುದನ್ನು ನೀವೂ ನೋಡಿರುತ್ತೀರಿ. ಮೇಲೆ ಹಳದಿ ಇಲಿಯಂಥ ಒಂದು ಪ್ರಾಣಿ, ಇಲ್ಲವೇ ಬೆಂಕಿ ಉಗುಳುವ ಕಿತ್ತಳೆ ಬಣ್ಣದ ಡ್ರ್ಯಾಗನ್. ಜಾತ್ರೆಯಲ್ಲಂತೂ ರಾಶಿಯೇ ಬಿದ್ದಿರುತ್ತದೆ. ಹತ್ತಿಪ್ಪತ್ತು ರೂಪಾಯಿ ಕೊಟ್ಟರೆ ಒಳಗೆ ಮಿರಮಿರ ಮಿನುಗುವ ಕೆಲವು ಪ್ಲಾಸ್ಟಿಕ್ ಕಾರ್ಡು. ಇವೇ ಪೋಕೆಮಾನ್ ಕಾರ್ಡು. ಮಕ್ಕಳು ಕೂಡಿಡುತ್ತಾರೆ, ಒಬ್ಬರಿಗೊಬ್ಬರು ಬದಲಾಯಿಸಿಕೊಳ್ಳುತ್ತಾರೆ, ಅದಕ್ಕಾಗಿ ಮೂರು ದಿನ ಮಾತು ಬಿಡುತ್ತಾರೆ.

ಇವು ಒರಿಜಿನಲ್ ಅಲ್ಲ. ಈ ಆಟ ಮಾಡಿದ ಜಪಾನಿನ ಕಂಪನಿಗೂ ಈ ಪ್ಯಾಕೆಟ್ಟಿಗೂ ಏನೇನೂ ಸಂಬಂಧವಿಲ್ಲ. ಇಷ್ಟು ಗೊತ್ತಾದ ಕೂಡಲೇ ಎರಡು ಥರದ ಮಾತು ಕೇಳಿಬರುತ್ತದೆ. ಸಾವಿರಾರು ರೂಪಾಯಿ ಹಾಕಿ ಕಾರ್ಡು ಸಂಗ್ರಹಿಸುವ ಪಟ್ಟಣದ ಅಣ್ಣಂದಿರು ಹೇಳುತ್ತಾರೆ: ‘ನಕಲಿ ಕಾರ್ಡು ಇಟ್ಟುಕೊಳ್ಳೋದೇ ಕಳ್ಳತನ. ಸುಟ್ಟು ಹಾಕಿ.’ ನಮ್ಮೂರಿನ ದೊಡ್ಡವರು ಹೇಳುತ್ತಾರೆ: ‘ಹತ್ತು ರೂಪಾಯಿ ಕಾಗದ, ಅದರಲ್ಲಿ ಒರಿಜಿನಲ್ ಏನು, ಡೂಪ್ಲಿಕೇಟ್ ಏನು? ಬಿಡ್ರಪ್ಪ.’

ಎರಡೂ ತಪ್ಪು ಅನ್ನುವುದಕ್ಕೇ ನಾವು ಇದನ್ನು ಬರೆಯುತ್ತಿದ್ದೇವೆ. ಮೊದಲನೇ ಮಾತು ಮಕ್ಕಳ ಮೇಲೆ ಹೊರಿಸುವ ಸುಳ್ಳು ಆಪಾದನೆ. ಎರಡನೇ ಮಾತು ನಿಜವಾದ ಕಳ್ಳನಿಗೆ ಹಿಂಬಾಗಿಲು ತೆಗೆದುಕೊಡುತ್ತದೆ.

ಇದೆಲ್ಲ ಹೊಸದಾಗಿ ಕೇಳುತ್ತಿರುವ ಹಿರಿಯರಿಗೆ ಸ್ವಲ್ಪ ಹಿನ್ನೆಲೆ. ಬೆಂಕಿಪೊಟ್ಟಣದ ಚಿತ್ರ ಕತ್ತರಿಸಿ ಕೂಡಿಟ್ಟವರು, ಖಾಲಿ ಸಿಗರೇಟು ಪ್ಯಾಕು ಹೆಕ್ಕಿ ಆಡಿದವರು, ಬಿಗ್ ಫನ್ ಬಬಲ್ ಗಮ್ ಜತೆ ಬರುತ್ತಿದ್ದ ಕ್ರಿಕೆಟ್ ಚಿತ್ರಕ್ಕಾಗಿ ಗಮ್ ಜಗಿದವರು ನೀವು. ಇದೂ ಅದೇ ಜಾತಿ. ಅಮೆರಿಕದಲ್ಲಿ ನೂರು ವರ್ಷಕ್ಕೂ ಹಿಂದೆ ಸಿಗರೇಟು ಪ್ಯಾಕಿನಲ್ಲಿ ಬೇಸ್‌ಬಾಲ್ ಆಟಗಾರರ ಚಿತ್ರ ಇಟ್ಟು ಮಾರುತ್ತಿದ್ದರು. ಆಮೇಲೆ 1993ರಲ್ಲಿ ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತದ ಮೇಷ್ಟ್ರು ‘ಮ್ಯಾಜಿಕ್: ದಿ ಗ್ಯಾದರಿಂಗ್’ ಎಂಬ ಆಟ ಕಟ್ಟಿದರು. ಕೂಡಿಡುವ ಚಟವನ್ನೂ ಇಸ್ಪೀಟಿನಂಥ ಆಟವನ್ನೂ ಅದು ಒಂದು ಮಾಡಿತು. 1996ರಲ್ಲಿ ಜಪಾನಿನಲ್ಲಿ ಪೋಕೆಮಾನ್ ಕಾರ್ಡು ಬಂತು, 1999ರಲ್ಲಿ ಅಮೆರಿಕಕ್ಕೆ ಹೋಯಿತು, ಈಗ ನಮ್ಮ ಗೂಡಂಗಡಿಯಲ್ಲಿ ಅದರ ನೆರಳು.

ಈ ಆಟಗಳಲ್ಲಿ ಕಾರ್ಡನ್ನು ಆರಿಸಿ ಕೊಳ್ಳಲಾಗದು. ಮುಚ್ಚಿದ ಪ್ಯಾಕೆಟ್ ಕೊಳ್ಳಬೇಕು, ಒಳಗೆ ಏನಿದೆಯೋ ದೇವರೇ ಬಲ್ಲ. ಅಮೆರಿಕದಲ್ಲಿ ಹತ್ತು ಕಾರ್ಡಿನ ಒಂದು ಒರಿಜಿನಲ್ ಪೋಕೆಮಾನ್ ಪ್ಯಾಕೆಟ್ಟಿಗೆ ನಾಲ್ಕೈದು ಡಾಲರ್. ಹತ್ತರಲ್ಲಿ ಒಂಬತ್ತು ಸಾಮಾನ್ಯ ಕಾರ್ಡೇ ಇರಬಹುದು. ಬೇಕಾದದ್ದು ಬರುವ ತನಕ ಕೊಳ್ಳುತ್ತಲೇ ಇರಬೇಕು. (ಲಾಟರಿಯನ್ನು ನಮ್ಮ ರಾಜ್ಯ 2007ರಲ್ಲೇ ನಿಲ್ಲಿಸಿತು. ಮಕ್ಕಳಿಗಾಗಿ ಮಾಡಿದ ಅದರ ತಮ್ಮನನ್ನು ಮಾತ್ರ ಯಾರೂ ಏನೂ ಅನ್ನುವುದಿಲ್ಲ.) ಅಪರೂಪದ ಕಾರ್ಡಿನಲ್ಲಿ ಬಂಗಾರವೇನೂ ಇಲ್ಲ. ಸಾಮಾನ್ಯ ಕಾರ್ಡು ಛಾಪಿಸಿದ ಮೆಷಿನ್ನೇ ಅದನ್ನೂ ಛಾಪಿಸುತ್ತದೆ. ಕಂಪನಿ ಅದನ್ನು ಕಡಿಮೆ ಛಾಪಿಸುತ್ತದೆ, ಅಷ್ಟೇ.

ಇದಕ್ಕೆ ದೊಡ್ಡ ಉದಾಹರಣೆ ಮ್ಯಾಜಿಕ್ ಆಟದ ‘ಬ್ಲ್ಯಾಕ್ ಲೋಟಸ್’ ಎಂಬ ಕಾರ್ಡು. ಕಪ್ಪು ಕಮಲದ ಚಿತ್ರ. ಬರೆದವರು ಕ್ರಿಸ್ಟೋಫರ್ ರಶ್. 1993ರಲ್ಲಿ ಛಾಪಿಸಿದ್ದೇ ಕೊನೆ, ಟೂರ್ನಮೆಂಟಿನಲ್ಲಿ ಆಡುವಂಥದ್ದನ್ನು ಮತ್ತೆ ತಂದಿಲ್ಲ. 1996ರಲ್ಲಿ ಕಂಪನಿ ಒಂದು ಪಟ್ಟಿ ಮಾಡಿ, ಇವುಗಳನ್ನು ಇನ್ನೆಂದೂ ಮರುಮುದ್ರಿಸುವುದಿಲ್ಲ ಎಂದು ಮಾತು ಕೊಟ್ಟಿತು. ಹಳೆಯ ಕಾರ್ಡು ಕೂಡಿಟ್ಟವರ ಕಾರ್ಡಿಗೆ ಬೆಲೆ ಇಳಿಯಬಾರದು ಅನ್ನುವುದು ಅದರ ಉದ್ದೇಶ. 2021ರಲ್ಲಿ ಅಂಥ ಒಂದು ಕಾರ್ಡು 5 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಹರಾಜಾಯಿತು. ಹೀಗೆ ಮರುಮಾರಾಟವಾದಾಗ ಕಂಪನಿಗೆ ಒಂದು ಪೈಸೆ ಬರುವುದಿಲ್ಲ. ರಶ್ ಅವರಂತೂ 2016ರಲ್ಲೇ ತೀರಿಕೊಂಡಿದ್ದರು.

ಈಗ ನೀವೇ ಹೇಳಿ. ಆ ಆಟ ಕಲಿತ ಒಬ್ಬ ಬಡ ಹುಡುಗ ಬ್ಲ್ಯಾಕ್ ಲೋಟಸ್ ಚಿತ್ರವನ್ನು ಜೆರಾಕ್ಸ್ ತೆಗೆಸಿ, ಸಾಮಾನ್ಯ ಕಾರ್ಡಿನ ಮೇಲೆ ಅಂಟಿಸಿ, ಗೆಳೆಯನ ಮುಂದೆ ಕೂತು, ‘ಇದು ಪ್ರಾಕ್ಸಿ ಕಣೋ, ಬ್ಲ್ಯಾಕ್ ಲೋಟಸ್ ಅಂತ ಅಂದ್ಕೋ’ ಎಂದು ಆಡಿದ ಅಂತಿಟ್ಟುಕೊಳ್ಳಿ. ಯಾರ ಗಂಟು ಹೋಯಿತು? ಕಂಪನಿ ಆ ಕಾರ್ಡು ಮಾರುತ್ತಿಲ್ಲ, ಆದ್ದರಿಂದ ಅದಕ್ಕೆ ವ್ಯಾಪಾರ ತಪ್ಪಲಿಲ್ಲ. ಎದುರಿಗೆ ಕೂತವನಿಗೆ ಮೊದಲೇ ಗೊತ್ತು. ಅರ್ಧ ಮಿಲಿಯ ಡಾಲರಿನ ಒಡೆಯನ ಕಾರ್ಡು ಅವನ ಲಾಕರಿನಲ್ಲೇ ಇದೆ. ಇದನ್ನು ಕಳ್ಳತನ ಅನ್ನಬೇಕಾದರೆ ಕಳ್ಳತನ ಎಂಬ ಮಾತಿಗೇ ಅರ್ಥ ಹೋಗುತ್ತದೆ.

ಆ ಕಂಪನಿಯೇ 2016ರಲ್ಲಿ ಬಾಯಿ ಬಿಟ್ಟು ಹೇಳಿದೆ: ಮನೆಯಲ್ಲಿ ಆಡಲು, ಮಾರುವ ಉದ್ದೇಶವಿಲ್ಲದೆ ಕೈಯಾರೆ ಮಾಡಿಕೊಂಡ ಕಾರ್ಡುಗಳ ಹಿಂದೆ ತಾನು ಬೀಳುವುದಿಲ್ಲ, ಅಧಿಕೃತ ಟೂರ್ನಮೆಂಟಿನಲ್ಲಿ ಮಾತ್ರ ಅಸಲಿ ಕಾರ್ಡೇ ಬೇಕು ಎಂದು. ಟೂರ್ನಮೆಂಟಿಗೆ ಅದರದೇ ನಿಯಮ, ಅದಕ್ಕೆ ನಮ್ಮ ತಕರಾರಿಲ್ಲ. ನಮ್ಮ ತಕರಾರು ಕಂಪನಿಗಿಂತ ಮೂರು ಹೆಜ್ಜೆ ಮುಂದೆ ಹೋಗಿ ಕಂಪನಿಯ ಪರ ಚಾಟಿ ಬೀಸುವ ಅಣ್ಣಂದಿರ ಮೇಲೆ.

ಅವರಿಗೆ ಒಂದು ಪ್ರಶ್ನೆ ಕೇಳುತ್ತೇವೆ. 2022ರಲ್ಲಿ ಅದೇ ಕಂಪನಿ ಆಟದ ಮೂವತ್ತನೇ ವರ್ಷದ ಹೆಸರಿನಲ್ಲಿ ಏನು ಮಾಡಿತು? ಬ್ಲ್ಯಾಕ್ ಲೋಟಸ್ ಸೇರಿ ಹಳೆಯ ಕಾರ್ಡುಗಳನ್ನು ಮತ್ತೆ ಛಾಪಿಸಿತು. ಹಿಂಬದಿಯ ವಿನ್ಯಾಸ ಬೇರೆ, ಟೂರ್ನಮೆಂಟಿನಲ್ಲಿ ಆಡುವ ಹಾಗಿಲ್ಲ. ಅಂದರೆ ಹುಡುಗ ಜೆರಾಕ್ಸ್ ಅಂಗಡಿಯಲ್ಲಿ ಮಾಡಿಸಿಕೊಂಡಂಥದ್ದೇ ವಸ್ತು, ಕಾಗದ ಚೆನ್ನಾಗಿದೆ ಅಷ್ಟೇ. ಹದಿನೈದು ಕಾರ್ಡಿನ ನಾಲ್ಕು ಪ್ಯಾಕೆಟ್, ಒಟ್ಟು 60 ಕಾರ್ಡು. ಬೆಲೆ 999 ಡಾಲರ್. ಆಗಿನ ಲೆಕ್ಕದಲ್ಲಿ ಸುಮಾರು 80 ಸಾವಿರ ರೂಪಾಯಿ, ಒಂದು ಕಾರ್ಡಿಗೆ ಸಾವಿರದ ಮುನ್ನೂರು ರೂಪಾಯಿಯ ಮೇಲೆ! ಅದೂ ಮುಚ್ಚಿದ ಪ್ಯಾಕೆಟ್, ಬ್ಲ್ಯಾಕ್ ಲೋಟಸ್ ಬರುತ್ತದೆ ಎಂಬ ಖಾತರಿ ಇಲ್ಲ. ಆಡಲಾಗದ ನಕಲನ್ನು ಕಂಪನಿ ಮಾರಿದರೆ ಅದು ‘ಕಲೆಕ್ಟಿಬಲ್’, ಹುಡುಗ ಮಾಡಿಕೊಂಡರೆ ಕಳ್ಳತನ. ಈ ನ್ಯಾಯ ನಮಗೆ ಅರ್ಥವಾಗುವುದಿಲ್ಲ.

ನಕಲು ಅನ್ನುವುದನ್ನೇ ಪಾಪ ಮಾಡುವ ಮೊದಲು ನಮ್ಮ ಮೈಸೂರಿನ ಕಡೆ ಒಮ್ಮೆ ನೋಡಿ. ಗಂಜೀಫಾ ಎಂಬ ದುಂಡನೆಯ ಕಾರ್ಡಿನ ಆಟ ನಮ್ಮಲ್ಲಿತ್ತು. ದಶಾವತಾರ ಗಂಜೀಫಾ ಅಂದರೆ ಹತ್ತು ಅವತಾರಕ್ಕೆ ಹನ್ನೆರಡರಂತೆ 120 ಕಾರ್ಡು, ಎಲ್ಲವೂ ಕೈಯಲ್ಲಿ ಬರೆದವು. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಈ ಆಟದ ಮೇಲೆ ಎಷ್ಟು ಪ್ರೀತಿ ಅಂದರೆ ‘ಛದ’ ಎಂಬ ಹೆಸರಿನಲ್ಲಿ ತಾವೇ ಹೊಸ ಹೊಸ ಬಗೆಯ ಕಾರ್ಡಿನಾಟ ರೂಪಿಸಿದರು. ಈ ಕಾರ್ಡುಗಳು ಎರಡು ದರ್ಜೆಯಲ್ಲಿ ತಯಾರಾಗುತ್ತಿದ್ದವು. ‘ದರ್ಬಾರ್ ಕಲಮ್’ ಅರಸರಿಗೆ: ದಂತ, ಆಮೆಚಿಪ್ಪು, ಬಂಗಾರದ ಕೆಲಸ. ‘ಬಜಾರ್ ಕಲಮ್’ ಜನಸಾಮಾನ್ಯರಿಗೆ: ಬಟ್ಟೆ, ಕಾಗದದಂಥ ಅಗ್ಗದ ವಸ್ತು, ಸರಳ ಗೆರೆ. ಅದೇ ಆಟ, ಅದೇ ಮತ್ಸ್ಯ, ಅದೇ ಕೂರ್ಮ. ಪೇಟೆಯವನ ಕೈಯಲ್ಲಿ ಇದ್ದದ್ದು ಅರಮನೆಯದರ ಕಳ್ಳಮಾಲು ಆಗಿರಲಿಲ್ಲ. ಅದು ದಂತ ಅಂತ ಅವನೂ ಹೇಳಿಕೊಳ್ಳಲಿಲ್ಲ.

ಆ ಕೊನೆಯ ವಾಕ್ಯದಲ್ಲೇ ನಮ್ಮ ಇಡೀ ವಾದ ಇದೆ. ಅಗ್ಗದ್ದು ಅಗ್ಗದ್ದಾಗಿ ಕೈಯಲ್ಲಿರುವ ತನಕ ತಪ್ಪಿಲ್ಲ. ಬಜಾರ್ ಕಲಮನ್ನು ದರ್ಬಾರ್ ಕಲಮ್ ಅಂತ ಹೇಳಿ ಕೈ ಬದಲಾಯಿಸಿದ ಗಳಿಗೆಯಲ್ಲಿ ಮೋಸ ಹುಟ್ಟುತ್ತದೆ. ಮೋಸ ಇರುವುದು ಕಾರ್ಡಿನಲ್ಲಲ್ಲ, ಕೈ ಬದಲಾಗುವಾಗ ಆಡಿದ ಮಾತಿನಲ್ಲಿ, ಇಲ್ಲವೇ ಆಡದೆ ನುಂಗಿದ ಮಾತಿನಲ್ಲಿ.

ಇದು ಸಣ್ಣ ಊರಿನ ಕಥೆ ಮಾತ್ರ ಅಲ್ಲ. ಅಮೆರಿಕದ ಯೂಟ್ಯೂಬರ್ ಲೋಗನ್ ಪಾಲ್ ಸೀಲು ಒಡೆಯದ ಹಳೆಯ ಪೋಕೆಮಾನ್ ಬಾಕ್ಸುಗಳ ಒಂದು ಪೆಟ್ಟಿಗೆಗೆ 35 ಲಕ್ಷ ಡಾಲರ್ ಕೊಟ್ಟರು. ಪರಿಣತರು ಅಸಲಿ ಎಂದು ಸರ್ಟಿಫಿಕೇಟ್ ಕೊಟ್ಟಿದ್ದ ಪೆಟ್ಟಿಗೆ ಅದು. ಅನುಮಾನ ಬಂದು 2022ರ ಜನವರಿಯಲ್ಲಿ ಕ್ಯಾಮೆರಾ ಮುಂದೆ ತೆರೆದರೆ ಒಳಗೆ ಇದ್ದದ್ದು ಜಿ.ಐ. ಜೋ ಎಂಬ ಬೇರೆಯದೇ ಕಾರ್ಡು. ನಮ್ಮ ಸಂತೆಯಲ್ಲಿ ಮೇಲೆ ಒಳ್ಳೆ ಟೊಮೆಟೊ, ಕೆಳಗೆ ಕೊಳೆತದ್ದು ಇಡುವ ಚಾಳಿ ಇದೆಯಲ್ಲ, ಅದೇ.

ಅದಕ್ಕಿಂತ ಸ್ವಾರಸ್ಯದ್ದು 2025ರ ಆರಂಭದಲ್ಲಿ ಹೊರಬಂದ ಸಂಗತಿ. ಪೋಕೆಮಾನ್ ಆಟ ಹುಟ್ಟುವಾಗ, ಅಂದರೆ 1996ರ ಸುಮಾರಿಗೆ, ಪರೀಕ್ಷೆಗೆಂದು ಛಾಪಿಸಿದ್ದು ಎಂದು ಹೇಳಿ ಕೆಲವು ಕಾರ್ಡು ಭಾರಿ ಬೆಲೆಗೆ ಮಾರಾಟವಾಗಿದ್ದವು. ಅನೇಕ ಕಲರ್ ಲೇಸರ್ ಪ್ರಿಂಟರುಗಳು ಪ್ರತಿ ಹಾಳೆಯ ಮೇಲೂ ಕಣ್ಣಿಗೆ ಕಾಣದ ಹಳದಿ ಚುಕ್ಕೆಗಳನ್ನು ಹಾಕುತ್ತವೆ. ಅದರಲ್ಲಿ ಛಾಪಿಸಿದ ದಿನ ಅಡಗಿರುತ್ತದೆ. ಸಂಗ್ರಾಹಕರೇ ಕೂತು ಆ ಚುಕ್ಕೆ ಓದಿದರು. ಕೆಲವು ಕಾರ್ಡಿನಲ್ಲಿ ಬಂದ ವರ್ಷ 2024! ಇವನ್ನೂ ಒಂದು ಪರೀಕ್ಷಕ ಸಂಸ್ಥೆ ಅಸಲಿ ಎಂದು ಡಬ್ಬಿಯಲ್ಲಿ ಹಾಕಿ ಮೊಹರು ಒತ್ತಿತ್ತು.

ಇನ್ನೊಂದನ್ನು ಹೇಳದೆ ಬಿಡಲಾಗದು, ಏಕೆಂದರೆ ಇದರಲ್ಲಿ ಕಾರ್ಡು ನಕಲಿಯೇ ಅಲ್ಲ. ಹೋನಸ್ ವ್ಯಾಗ್ನರ್ ಎಂಬ ಬೇಸ್‌ಬಾಲ್ ಆಟಗಾರನ ಚಿತ್ರದ ಕಾರ್ಡು, ಸಿಗರೇಟು ಪ್ಯಾಕಿನಲ್ಲಿ ಬಂದದ್ದು, ಜಗತ್ತಿನ ಅತಿ ಹೆಸರುವಾಸಿ ಕಾರ್ಡುಗಳಲ್ಲಿ ಒಂದು. ಅದರ ಒಂದು ಪ್ರತಿ ಅಂಚು ಚೂರೂ ಸವೆಯದೆ ಹೊಸದರಂತಿತ್ತು, 2007ರಲ್ಲಿ 28 ಲಕ್ಷ ಡಾಲರಿಗೆ ಹೋಯಿತು. 2013ರಲ್ಲಿ ಬಿಲ್ ಮಾಸ್ಟ್ರೋ ಎಂಬ ಹರಾಜುದಾರ ಕೋರ್ಟಿನಲ್ಲಿ ಒಪ್ಪಿಕೊಂಡ: ಅಂಚನ್ನು ತಾನೇ ಕತ್ತರಿಸಿ ನೇರ ಮಾಡಿದ್ದೆ, ಹೇಳದೆ ಮಾರಿದ್ದೆ ಎಂದು. ಕಾರ್ಡು ನೂರಕ್ಕೆ ನೂರು ಒರಿಜಿನಲ್. ಆದರೂ ಸುಳ್ಳು. ಒರಿಜಿನಲ್ ಇಟ್ಟುಕೊಂಡವನೆಲ್ಲ ಸಾಚಾ, ಡೂಪ್ಲಿಕೇಟ್ ಇಟ್ಟುಕೊಂಡವನೆಲ್ಲ ಕಳ್ಳ ಅನ್ನುವ ಲೆಕ್ಕ ಇಲ್ಲಿಗೇ ಮುರಿದು ಬೀಳುತ್ತದೆ.

ಈಗ ‘ಹತ್ತು ರೂಪಾಯಿ ಕಾಗದ, ಬಿಡ್ರಪ್ಪ’ ಅನ್ನುವವರ ಕಡೆ ತಿರುಗೋಣ. ಇವರ ಮೇಲೆ ನಮಗೆ ಇನ್ನೂ ಹೆಚ್ಚು ಸಿಟ್ಟು.

ಗೂಡಂಗಡಿಯ ಪ್ಯಾಕೆಟ್ ನೋಡಿ. ಅದು ತಾನು ನಕಲು ಎಂದು ಎಲ್ಲಿಯೂ ಹೇಳುವುದಿಲ್ಲ. ಕಂಪನಿಯ ಹೆಸರನ್ನೇ ಹಾಕಿಕೊಂಡಿದೆ, ಕಾರ್ಡಿನ ಹಿಂಬದಿಯನ್ನೂ ಅಸಲಿಯಂತೆ ಮಾಡಿದೆ. ಅಂದರೆ ಇದು ಬಜಾರ್ ಕಲಮ್ ಅಲ್ಲ, ದರ್ಬಾರ್ ಕಲಮಿನ ವೇಷ. ಕೊಳ್ಳುವ ಹುಡುಗನಿಗೆ ವಯಸ್ಸು ಎಂಟೋ ಒಂಬತ್ತೋ. ಫೋನಿನಲ್ಲಿ ಯಾವನೋ ಒಬ್ಬ ಕಾರ್ಡು ಮಾರಿ ಲಕ್ಷಾಧಿಪತಿಯಾದ ವಿಡಿಯೋ ನೋಡಿದ್ದಾನೆ. ಕೈಯಲ್ಲಿರುವ ಚಿನ್ನದ ಬಣ್ಣದ ಕಾರ್ಡಿಗೂ ಅಷ್ಟೇ ಬೆಲೆ ಅಂದುಕೊಂಡಿದ್ದಾನೆ. ಅವನನ್ನು ನಂಬಿಸಿದ್ದು ಪ್ಯಾಕೆಟ್.

ಅಲ್ಲಿಂದ ಮುಂದೆ ಏನಾಗುತ್ತದೆ ಎಂದು ನಾವು ಊರೂರಿನಲ್ಲಿ ನೋಡುತ್ತಿದ್ದೇವೆ. ಹೈಸ್ಕೂಲಿನ ಹುಡುಗ ಪ್ರೈಮರಿಯ ಹುಡುಗನಿಗೆ ‘ಇದು ರೇರ್ ಕಾರ್ಡ್ ಕಣೋ’ ಎಂದು ಐವತ್ತಕ್ಕೋ ನೂರಕ್ಕೋ ದಾಟಿಸುತ್ತಾನೆ. ಅದು ಹಬ್ಬಕ್ಕೆ ಅಜ್ಜಿ ಕೊಟ್ಟ ದುಡ್ಡು. ಚಿಕ್ಕವನು ಸೈಕಲ್ಲು, ಕ್ರಿಕೆಟ್ ಬ್ಯಾಟು ಕೊಟ್ಟು ಕಾರ್ಡು ತೆಗೆದುಕೊಂಡು ಮನೆಯಲ್ಲಿ ಏಟು ತಿನ್ನುತ್ತಾನೆ. ಸ್ವಲ್ಪ ಫೋನು ಬಲ್ಲವರು ಮಾರಾಟದ ಗುಂಪಿನಲ್ಲಿ ಫೋಟೋ ಹಾಕಿ ‘ಗೋಲ್ಡ್ ಚಾರಿಜಾರ್ಡ್, ಅರ್ಜೆಂಟ್ ಸೇಲ್’ ಅನ್ನುತ್ತಾರೆ. ಮೊದಲು ಹಣ ಹಾಕಿ ಅನ್ನುತ್ತಾರೆ. ಹತ್ತು ರೂಪಾಯಿಯ ಕಾಗದ ಅಂತ ನಾವು ಬಿಟ್ಟದ್ದು ಇಲ್ಲಿಗೆ ಬಂದು ಮುಟ್ಟುತ್ತದೆ. ಬೀಜದ ಅಂಗಡಿಯಲ್ಲಿ ಹೆಸರಾಂತ ಕಂಪನಿಯ ಚೀಲದಂಥದೇ ಚೀಲ ಕೊಟ್ಟು ಕೈಗೆ ಜೊಳ್ಳು ಹಾಕಿದಾಗ ನಾವು ಎಷ್ಟು ಕೂಗಾಡುತ್ತೇವೆ! ಮಗುವಿಗೆ ಅದೇ ಆದರೆ ನಗುತ್ತೇವೆ. ಅದರ ನೂರು ರೂಪಾಯಿ ಅದಕ್ಕೆ ನಮ್ಮ ಒಂದು ಎಕರೆ ಬೆಳೆಯಷ್ಟೇ.

ಕಾನೂನು ಕೂಡ ಈ ಗೆರೆಯನ್ನೇ ಎಳೆದಿದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. 1999ರ ಟ್ರೇಡ್ ಮಾರ್ಕ್ ಕಾಯ್ದೆಯ 103 ಮತ್ತು 104ನೇ ಸೆಕ್ಷನ್ನು ತೆಗೆದು ನೋಡಿ. ಸುಳ್ಳು ಗುರುತು ಹಾಕುವುದು, ಅಂಥ ಮಾಲನ್ನು ಮಾರುವುದು, ಮಾರಾಟಕ್ಕೆಂದು ಇಟ್ಟುಕೊಳ್ಳುವುದು ಅಪರಾಧ. ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ದಂಡ. ‘ಮಾರಾಟಕ್ಕೆಂದು’ ಎಂಬ ಮಾತನ್ನು ಗಮನಿಸಿ. ತನ್ನ ಪೆನ್ಸಿಲ್ ಡಬ್ಬಿಯಲ್ಲಿ ಇಟ್ಟುಕೊಂಡ ಹುಡುಗ ಆ ಸೆಕ್ಷನ್ನಿನಲ್ಲಿ ಇಲ್ಲ. ಗೋದಾಮಿನಲ್ಲಿ ಸಾವಿರ ಪ್ಯಾಕೆಟ್ ಇಟ್ಟವನು ಇದ್ದಾನೆ. 1957ರ ಕಾಪಿರೈಟ್ ಕಾಯ್ದೆ ಕೂಡ ಹೊರದೇಶದ ನಕಲನ್ನು ತರಿಸುವುದು ತಪ್ಪು ಅನ್ನುವಾಗ, ಸ್ವಂತ ಮನೆಬಳಕೆಗೆ ಒಂದು ಪ್ರತಿ ತರಿಸಿಕೊಂಡರೆ ಬಿಟ್ಟುಬಿಡಿ ಅನ್ನುತ್ತದೆ. ಹಾಗೆಂದು ಕಾನೂನು ಎಲ್ಲ ನಕಲಿಗೂ ರಹದಾರಿ ಕೊಟ್ಟಿದೆ ಎಂದು ನಾವು ಹೇಳುತ್ತಿಲ್ಲ. ಶಿಕ್ಷೆಯ ಕೋಲು ಯಾರ ಕಡೆ ತಿರುಗಿದೆ ಎಂದಷ್ಟೇ ತೋರಿಸುತ್ತಿದ್ದೇವೆ.

ಗೂಡಂಗಡಿಯವರ ವಿಷಯಕ್ಕೆ ಬಂದರೆ ನಮ್ಮಲ್ಲೇ ಎರಡು ಅಭಿಪ್ರಾಯ ಇದೆ. ಅವರು ಪೇಟೆಯ ಹೋಲ್‌ಸೇಲ್ ಅಂಗಡಿಯಲ್ಲಿ ಬಿಸ್ಕತ್ತಿನ ಜತೆ ಇದನ್ನೂ ಎತ್ತಿಕೊಂಡು ಬರುತ್ತಾರೆ, ಅಸಲಿ ಯಾವುದು ಎಂದು ಅವರಿಗೂ ತಿಳಿಯದು. ಅವರ ಮೇಲೆ ಪೊಲೀಸರನ್ನು ಬಿಡಿ ಎಂದು ನಾವ್ಯಾರೂ ಹೇಳುವುದಿಲ್ಲ. ಆದರೆ ಮಗು ‘ಅಣ್ಣ, ಇದು ಒರಿಜಿನಲ್ಲಾ?’ ಎಂದು ಕೇಳಿದಾಗ ‘ಹೂಂ ಕಣಪ್ಪ, ಒರಿಜಿನಲ್ಲೇ’ ಅನ್ನಬೇಡಿ. ‘ಆಟದ ಕಾರ್ಡು, ಆಡ್ಕೋ’ ಅನ್ನಿ. ವ್ಯಾಪಾರ ಕಮ್ಮಿಯಾಗುವುದಿಲ್ಲ. ಮಿನುಗುವುದು ಮಿನುಗುತ್ತಲೇ ಇರುತ್ತದೆ.

ಗುರುತು ಹಿಡಿಯುವುದು ಕಷ್ಟವೇನಲ್ಲ, ಫೋನು ಕೈಯಲ್ಲೇ ಇದೆಯಲ್ಲ. ಹತ್ತಿಪ್ಪತ್ತು ರೂಪಾಯಿಗೆ ಒಂದು ಪ್ಯಾಕು ಚಿನ್ನದ ಕಾರ್ಡು ಬಂದರೆ ಅಲ್ಲಿಗೇ ಮುಗಿಯಿತು, ಕಂಪನಿ ಹಾಗೆ ಮಾರುವುದಿಲ್ಲ. ಇನ್ನೂ ಅನುಮಾನವಿದ್ದರೆ ಕ್ಯಾಮೆರಾ ಜೂಮ್ ಮಾಡಿ ಅಕ್ಷರ ನೋಡಿ. ಇಂಗ್ಲಿಷ್ ಕಾಗುಣಿತ ತಪ್ಪು, ಅಕ್ಷರ ಮಸುಕು, ಶಕ್ತಿಯ ಅಂಕಿ ಸಾವಿರಗಟ್ಟಲೆ. ಹೊಳೆಯದ ಸಾಮಾನ್ಯ ಕಾರ್ಡನ್ನು ಟಾರ್ಚಿಗೆ ಹಿಡಿಯಿರಿ: ಅಸಲಿ ಕಾಗದದ ನಡುವೆ ಕಪ್ಪು ಪದರ ಇರುವುದರಿಂದ ಬೆಳಕು ಅಷ್ಟಾಗಿ ದಾಟದು, ನಕಲಿಯಲ್ಲಿ ಸಾಮಾನ್ಯವಾಗಿ ಧಾರಾಳವಾಗಿ ದಾಟುತ್ತದೆ. ಸಾವಿರ ರೂಪಾಯಿಯ ಮೇಲಿನ ಮಾತಾದರೆ ಈ ಯಾವ ಪರೀಕ್ಷೆಯನ್ನೂ ನಂಬಬೇಡಿ. 35 ಲಕ್ಷ ಡಾಲರಿನ ಪೆಟ್ಟಿಗೆಯ ಗತಿ ಮೇಲೆ ಓದಿದ್ದೀರಿ.

ಇಷ್ಟೆಲ್ಲ ಡೂಪ್ಲಿಕೇಟಿನ ಪರ ಮಾತಾಡಿದ ಮೇಲೆ ಅದರ ವಿರುದ್ಧವೂ ಒಂದು ಮಾತು ಆಡಲೇಬೇಕು. ಯಾರಿಗೂ ನಷ್ಟವಿಲ್ಲ ಎಂಬುದು ಎಲ್ಲ ನಕಲಿಗೂ ಹೊಂದುವುದಿಲ್ಲ. ಮತ್ತೆ ಗಂಜೀಫಾಕ್ಕೇ ಬರೋಣ. ಗಾಣಿಗೆ ಹಾಕಿದ ಹಾಗೆ ಮೆಷಿನ್ನಿನಿಂದ ಉದುರುವ ಅಗ್ಗದ ಇಸ್ಪೀಟು ಬಂದ ಮೇಲೆ ಕೈಯಲ್ಲಿ ಬರೆಯುವವರ ಹೊಟ್ಟೆಪಾಡು ಕುಸಿಯಿತು. ನಮ್ಮ ಕಾಲದಲ್ಲಿ ಶ್ರೀರಂಗಪಟ್ಟಣದ ರಘುಪತಿ ಭಟ್ಟರಂಥವರು ಪಟ್ಟು ಹಿಡಿದು ಆ ಕಲೆಯನ್ನು ಮತ್ತೆ ಜನರ ಕಣ್ಣಿಗೆ ತಂದರು. ಮೈಸೂರು ಗಂಜೀಫಾಕ್ಕೆ ಚನ್ನಪಟ್ಟಣದ ಗೊಂಬೆಯ ಹಾಗೆಯೇ ಜಿಐ ಗುರುತು ಸಿಕ್ಕಿದೆ. ಈಗ ಅದರ ಚಿತ್ರವನ್ನು ಸ್ಕ್ಯಾನ್ ಮಾಡಿ, ದುಂಡಗೆ ಕತ್ತರಿಸಿ, ‘ಕೈಯಲ್ಲಿ ಬರೆದದ್ದು’ ಎಂದು ಯಾರಾದರೂ ಮಾರಿದರೆ ಒಂದೊಂದು ಕಾರ್ಡಿಗೆ ದಿನಗಟ್ಟಲೆ ಕೂರುವ ಕಲಾವಿದನ ತಟ್ಟೆಯ ಅನ್ನ ಹೋಗುತ್ತದೆ. ಛಾಪಿಸಿದ್ದನ್ನು ಛಾಪಿಸಿದ್ದು ಎಂದೇ ಮಾರಿ, ಕಲಾವಿದನನ್ನು ಕೇಳಿ ಮಾರಿ, ನಮ್ಮ ತಕರಾರಿಲ್ಲ. ಆಟ ಉಳಿಯಲಿಕ್ಕೆ ಅದೂ ಬೇಕು.

ಕಸ್ಟಮ್ ಕಾರ್ಡು ಮಾಡಿಸುವ ಹುಡುಗರಿಗೂ ಇದೇ ಮಾತು. ಈಗ ಫ್ಲೆಕ್ಸ್ ಅಂಗಡಿಯಲ್ಲಿ, ಫೋಟೋ ಸ್ಟುಡಿಯೋದಲ್ಲಿ ಬೇಕಾದ ಚಿತ್ರ ಕೊಟ್ಟರೆ ಕಾರ್ಡಿನ ಅಳತೆಗೆ ಛಾಪಿಸಿಕೊಡುತ್ತಾರೆ. ನಿಮ್ಮ ಖುಷಿಗೆ ನೆಚ್ಚಿನ ಆಟಗಾರನ ಕಾರ್ಡು ಮಾಡಿಸಿ ಗೋಡೆಗೆ ಅಂಟಿಸಿಕೊಳ್ಳಿ. ಆದರೆ ಯಾವನೋ ಹೊಸ ಕಲಾವಿದ ಫೋನಿನಲ್ಲಿ ಹಾಕಿದ ಚಿತ್ರವನ್ನು ಹೆಸರು ಅಳಿಸಿ ಇಳಿಸಿಕೊಂಡು, ನೂರು ಕಾರ್ಡು ಛಾಪಿಸಿ ಮಾರುವುದು ಬೇರೆ. ದೊಡ್ಡ ಕಂಪನಿಗೆ ಬಿದ್ದ ಕಲ್ಲು ಅದರ ಮೈಗೆ ತಾಗುವುದಿಲ್ಲ. ಇವನಿಗೆ ಅದೇ ಕಲ್ಲು ಹಣೆಗೆ ಬೀಳುತ್ತದೆ. ಮಕ್ಕಳು ಬಾಯಿಪಾಠ ಮಾಡಿರುವ ಆ ಬೆಂಕಿ ಡ್ರ್ಯಾಗನ್ ಚಾರಿಜಾರ್ಡ್ ಇದೆಯಲ್ಲ, 1996ರ ಮೊದಲ ಕಾರ್ಡಿನ ಚಿತ್ರ ಬರೆದವರು ಮಿತ್ಸುಹಿರೊ ಅರಿತಾ. ಅಸಲಿ ಕಾರ್ಡಿನ ಕೆಳಗೆ ಸಣ್ಣ ಅಕ್ಷರದಲ್ಲಿ ಚಿತ್ರ ಬರೆದವರ ಹೆಸರು ಇರುತ್ತದೆ. ನಕಲಾದರೂ ಸರಿ, ಆ ಸಾಲನ್ನು ಅಳಿಸಬೇಡಿ.

ನಮಗೆ ಕೇಳಿದರೆ ಕಸ್ಟಮ್ ಕಾರ್ಡಿನ ಸೊಗಸು ಇರುವುದು ಇನ್ನೊಂದು ಕಡೆ. ಹಾವೇರಿ, ಶಿವಮೊಗ್ಗ ಕಡೆ ಕೊಬ್ಬರಿ ಹೋರಿಗಳಿಗೆ ಸಿನಿಮಾ ಹೀರೋಗಳಂತೆ ಹೆಸರಿದೆ, ಅಭಿಮಾನಿಗಳಿದ್ದಾರೆ, ಫ್ಲೆಕ್ಸ್ ಇದೆ. ಅವುಗಳ ಕಾರ್ಡು ಯಾಕಿಲ್ಲ? ಹೋರಿಯ ಹೆಸರು, ಊರು, ಎಷ್ಟು ಅಖಾಡ ಗೆದ್ದಿದೆ, ಯಾರ ಕೈಗೆ ಸಿಕ್ಕಿದೆ, ಯಾರ ಕೈಗೂ ಸಿಕ್ಕಿಲ್ಲ. ಒಡೆಯನನ್ನು ಒಂದು ಮಾತು ಕೇಳಿ ಫೋಟೋ ತೆಗೆದರೆ ಆಯಿತು, ಯಾವ ಜಪಾನಿನವರ ಅಪ್ಪಣೆಯೂ ಬೇಡ. ಊರಿನ ಕಬಡ್ಡಿ ತಂಡದ್ದು ಮಾಡಿ. ಹಾಗೆ ಮಾಡಿದವರು ಯಾರಾದರೂ ಇದ್ದರೆ ನಮಗೆ ಚಿತ್ರ ಕಳಿಸಿ.

ಇನ್ನು ನಮ್ಮ ಬೇಡಿಕೆ. ನಕಲಿ ಕಾರ್ಡು ಇಟ್ಟುಕೊಂಡವರು ಅಳಿಸಲಾಗದ ಮಾರ್ಕರ್ ಪೆನ್ನು ತೆಗೆದುಕೊಂಡು ಪ್ರತಿ ಕಾರ್ಡಿನ ಹಿಂದೆ ‘ನಕಲು’ ಎಂದು ಬರೆಯಲಿ. ಕನ್ನಡದಲ್ಲೇ ಬರೆಯಲಿ. ಹೊಸದಾಗಿ ಕಸ್ಟಮ್ ಮಾಡಿಸುವವರು ಹಿಂಬದಿಗೆ ಕಂಪನಿಯ ಚಿತ್ರ ಹಾಕದೆ ಬೇರೆ ಏನಾದರೂ ಹಾಕಲಿ, ಖಾಲಿ ಬಿಟ್ಟರೂ ಸರಿ. ಆಡುವ ಮೊದಲು ಎದುರಿನವನಿಗೆ ಹೇಳಲಿ. ಬದಲಾಯಿಸಿಕೊಳ್ಳುವುದಾದರೆ ನಕಲಿಗೆ ನಕಲಿ.

ಇದನ್ನು ಹೇಳಿದಾಗಲೆಲ್ಲ ಬರುವ ಉತ್ತರ ಒಂದೇ: ‘ಹಾಗೆ ಬರೆದರೆ ಕಾರ್ಡಿನ ಚೆಂದ ಹೋಗುತ್ತದೆ, ಬೆಲೆ ಹೋಗುತ್ತದೆ.’ ಚೆಂದ ಮುಂದೆ ಇದೆ, ಬರೆಯುವುದು ಹಿಂದೆ. ಇನ್ನು ಬೆಲೆ. ಆಡಲಿಕ್ಕೆ, ನೋಡಲಿಕ್ಕೆ ಇಟ್ಟುಕೊಂಡ ನಕಲಿಗೆ ಯಾವ ಬೆಲೆ ಹೋಗಬೇಕು? ಹಿಂದೆ ‘ನಕಲು’ ಎಂದು ಬರೆಯಲು ಕೈ ಬಾರದವನ ಮನಸ್ಸಿನಲ್ಲಿ ಮುಂದೊಂದು ದಿನ ಯಾರಿಗೋ ದಾಟಿಸುವ ಲೆಕ್ಕ ಇದ್ದೇ ಇದೆ. ಪಟ್ಟಣದ ಅಣ್ಣಂದಿರು ಕಳ್ಳನನ್ನು ಹುಡುಕಬೇಕಾದದ್ದು ಅಲ್ಲಿ.

ಹಣ ಈಗಾಗಲೇ ಹೋಗಿದ್ದರೆ ಸುಮ್ಮನೆ ಕೂರಬೇಡಿ. ಫೋನಿನಲ್ಲಿ ದುಡ್ಡು ಹಾಕಿ ಮೋಸ ಹೋಗಿದ್ದರೆ 1930ಕ್ಕೆ ಕೂಡಲೇ ಕರೆ ಮಾಡಿ, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಅಂಗಡಿಯಲ್ಲಿ ಒರಿಜಿನಲ್ ಎಂದು ಹೇಳಿ ದೊಡ್ಡ ಮೊತ್ತಕ್ಕೆ ಕೊಟ್ಟಿದ್ದರೆ ಗ್ರಾಹಕರ ಸಹಾಯವಾಣಿ 1915 ಇದೆ. ಮಗು ಹೇಳಲು ಹೆದರುತ್ತದೆ, ಏಟು ಬೀಳುತ್ತದೆ ಎಂದು ಬಚ್ಚಿಡುತ್ತದೆ. ಮೊದಲು ಅದರ ಹೆದರಿಕೆ ಬಿಡಿಸಿ, ಆಮೇಲೆ ನಂಬರು ಒತ್ತಿ.

ಕೊನೆಯದಾಗಿ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ಒಂದು ಕೋರಿಕೆ. ಪಾಠದ ಹೊತ್ತಿನಲ್ಲಿ ಕಾರ್ಡು ತೆಗೆದರೆ ಕಸಿದುಕೊಳ್ಳಿ, ಅದು ನಿಮ್ಮ ಹಕ್ಕು. ಆದರೆ ಇಡೀ ತರಗತಿಯ ಮುಂದೆ ‘ಕಳ್ಳಮಾಲು ಇಟ್ಕೊಂಡಿದ್ದೀಯ’ ಅನ್ನಬೇಡಿ. ಸ್ಟಾಫ್ ರೂಮಿನ ಡ್ರಾಯರಿನಲ್ಲಿ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿರುವ ಕಟ್ಟುಗಳನ್ನು ಈ ಶನಿವಾರ ಬೆಲ್ ಹೊಡೆದ ಮೇಲೆ ವಾಪಸು ಕೊಡಿ. ಕೊಡುವಾಗ ಒಂದು ಮಾರ್ಕರ್ ಪೆನ್ನನ್ನೂ ಕೊಡಿ.